ಕಾಲು ಬಾತರೆ ಕಾರಣ ಹುಡುಕಬೇಕು

ಅಡಿಕೆ ಮರದ ಸೋಗೆ ಹಳದಿಗೆ ತಿರುಗಿದರೆ ನಮ್ಮ ಸದಸ್ಯರಲ್ಲಿ ಯಾರೂ ಆ ಬಣ್ಣವೊಂದನ್ನೇ ನೋಡಿ ಔಷಧಿ ಹಾಕುವುದಿಲ್ಲ. ಬಸಿಗಾಲುವೆ ಮುಚ್ಚಿ ನೀರು ನಿಂತಿದೆಯೇ, ಬೇರುಹುಳ ತಿಂದಿದೆಯೇ, ಗೊಬ್ಬರ ಸಾಲದೆ ಹೋಯಿತೇ, ಇಲ್ಲವೇ ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ಹಾಳುಗೆಡವಿದ ಹಳದಿ ಎಲೆ ರೋಗ ನಮ್ಮಲ್ಲಿಗೂ ಬಂದಿತೇ ಎಂದು ಬುಡ ಬಿಡಿಸಿ ನೋಡುತ್ತಾರೆ. ಹಳದಿ ಬಣ್ಣವೇ ರೋಗವಲ್ಲ, ಅದು ಕೇವಲ ಚಿಹ್ನೆ ಎಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಆದರೆ ಮನೆಯಲ್ಲಿ ಯಾರದಾದರೂ ಕಾಲು ಬಾತಾಗ ಈ ವಿವೇಕ ಎಲ್ಲಿಗೋ ಹೊರಟುಹೋಗುತ್ತದೆ. 'ನಂಜು ಏರಿದೆ' ಎಂದೋ, 'ಕಾಲಿಗೆ ನೀರು ಇಳಿದಿದೆ' ಎಂದೋ, 'ವಯಸ್ಸಾಯಿತಲ್ಲ' ಎಂದೋ ಒಂದು ಮಾತು ಹೇಳಿಬಿಡುತ್ತಾರೆ. ಬಿಸಿ ಎಣ್ಣೆ ತಿಕ್ಕುವುದು, ಸೊಪ್ಪು ಅರೆದು ಕಟ್ಟುವುದು, ಪಕ್ಕದ ಮನೆಯವರಿಗೆ ವೈದ್ಯರು ಬರೆದುಕೊಟ್ಟಿದ್ದ 'ನೀರಿನ ಮಾತ್ರೆ'ಯನ್ನು ಎರಡು ದಿನ ನುಂಗಿಸುವುದು, ಇಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ. ಬಾವು ಇಳಿದರೆ ರೋಗ ಹೋಯಿತೆಂದು ಸಮಾಧಾನ, ಇಳಿಯದಿದ್ದರೆ ಕುಯ್ಲು ಮುಗಿಯಲಿ ಎಂಬ ಸಬೂಬು.

ಬೋರ್ಡೋ ದ್ರಾವಣ, ಕಾಂಡಕೊರಕ, ಸಾಲದ ಕಂತು ಇವುಗಳ ನಡುವೆ ಕಾಲಿನ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಕಸುಬು ನಿಂತಿರುವುದೇ ಕಾಲಿನ ಮೇಲೆ. ಕಾಫಿ ಹಣ್ಣು ಕುಯ್ಯುವವರು ದಿನವಿಡೀ ಇಳಿಜಾರಿನಲ್ಲಿ ನಿಲ್ಲಬೇಕು. ಕೊನೆಗಾರ ಕಾಲ ಬಲದಿಂದಲೇ ಮರ ಏರಬೇಕು. ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತರೆ ರಾತ್ರಿ ಹತ್ತಾದರೂ ಏಳುವಂತಿಲ್ಲ. ನಾವು ವೈದ್ಯರಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಹೋದಾಗ ಏನು ಹೇಳಬೇಕು ಎಂಬುದನ್ನು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ.

ಬಾವು ಆಗುವುದು ಹೇಗೆ?

ರಕ್ತವು ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಿಯುವಾಗ ಅದರ ನೀರಿನಂಶ ಸ್ವಲ್ಪ ಹೊರಕ್ಕೆ ಜಿನುಗಿ ಮಾಂಸಕ್ಕೆ ಆಹಾರ ಒದಗಿಸುತ್ತದೆ. ಹೀಗೆ ಜಿನುಗಿದ ನೀರು ಮತ್ತೆ ರಕ್ತನಾಳಕ್ಕೂ, ದುಗ್ಧರಸ ನಾಳ ಎಂಬ ಬೇರೊಂದು ಕಾಲುವೆಗೂ ಸೇರಿ ಹಿಂದಿರುಗುತ್ತದೆ. ನಾಳದೊಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ, ರಕ್ತದಲ್ಲಿರುವ ಪ್ರೋಟೀನು ಅದನ್ನು ಒಳಕ್ಕೆ ಹಿಡಿದಿಡುತ್ತದೆ ಎಂಬ ಲೆಕ್ಕಾಚಾರವನ್ನು ಇಂಗ್ಲೆಂಡಿನ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು.

ತೋಟದಲ್ಲಿ ನೀರು ನಿಲ್ಲುವ ಕಾರಣಗಳನ್ನು ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಕೆಳಗಿನ ಕಾಲುವೆ ಕಟ್ಟಿಕೊಂಡರೆ ಮೇಲೆ ನೀರು ನಿಲ್ಲುತ್ತದೆ. ಹಾಗೆಯೇ ಹೃದಯ ಸೋತರೆ, ಅಥವಾ ಕಾಲಿನಿಂದ ಹೃದಯಕ್ಕೆ ಹಿಂದಿರುಗುವ ಅಭಿಧಮನಿಯಲ್ಲಿ ತಡೆಯಾದರೆ ಒತ್ತಡ ಹಿಂದಕ್ಕೆ ಬಂದು ಕಾಲು ಬಾಯುತ್ತದೆ. ಮೂತ್ರಪಿಂಡವು ಉಪ್ಪು ನೀರನ್ನು ಹೊರಹಾಕದಿದ್ದರೆ ಮೈಯಲ್ಲೇ ನೀರು ಹೆಚ್ಚುತ್ತದೆ. ರಕ್ತದ ಪ್ರೋಟೀನು ಕಡಿಮೆಯಾದರೆ ನೀರನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ. ಸೋಂಕು ಅಥವಾ ವಿಷ ತಗುಲಿದರೆ ನಾಳದ ಗೋಡೆಯೇ ಸೋರುತ್ತದೆ. ದುಗ್ಧರಸ ನಾಳ ಹಾಳಾದರೆ ಬಸಿದು ಹೋಗುವ ದಾರಿಯೇ ಮುಚ್ಚುತ್ತದೆ. ಕಾರಣ ಯಾವುದೇ ಇರಲಿ, ನೀರು ತಗ್ಗಿಗೆ ಇಳಿಯುವುದರಿಂದ ಮೊದಲು ಕಾಣುವುದು ಕಾಲಿನಲ್ಲಿಯೇ. ಇಡೀ ಮೈಯಲ್ಲಿ ನೀರು ಹೆಚ್ಚಾಗಿ ಕಾಲಿನ ಬಾವು ಕಣ್ಣಿಗೆ ಕಾಣಬೇಕಾದರೆ ಅಷ್ಟರಲ್ಲಿ ಎರಡು ಮೂರು ಲೀಟರು ನೀರು ಸೇರಿರುತ್ತದೆ.

ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ಗುಳಿ ಬಿದ್ದು ನಿಧಾನವಾಗಿ ತುಂಬಿದರೆ ಅದು ನೀರಿನ ಬಾವು. ಗುಳಿ ಬೀಳದ ಗಟ್ಟಿ ಬಾವಾದರೆ ಹಳೆಯ ಆನೆಕಾಲು ರೋಗ ಅಥವಾ ಥೈರಾಯ್ಡ್ ಗ್ರಂಥಿಯ ಕೊರತೆ ಇರಬಹುದು. ವೈದ್ಯರು ಮಾಡುವ ಮೊದಲ ಪರೀಕ್ಷೆಯೂ ಇದೇ.

ಒಂದು ಕಾಲೇ, ಎರಡೂ ಕಾಲೇ?

ಕೇಳಬೇಕಾದ ಮೊದಲ ಪ್ರಶ್ನೆ ಇದು. ಹೃದಯ, ಮೂತ್ರಪಿಂಡ, ಯಕೃತ್ತು ಇವು ಕೆಟ್ಟರೆ ಸಾಮಾನ್ಯವಾಗಿ ಎರಡೂ ಕಾಲು ಬಾಯುತ್ತವೆ. ಒಂದೇ ಕಾಲು ಬಾತಿದ್ದರೆ ಬಹುಮಟ್ಟಿಗೆ ತೊಂದರೆ ಆ ಕಾಲಿನಲ್ಲಿಯೇ ಇದೆ. ಹಾಗೆಂದು ಅದು ಸಣ್ಣ ವಿಷಯವಲ್ಲ. ತಕ್ಷಣ ಪ್ರಾಣಕ್ಕೆ ಬರುವ ಕೆಲವು ಕಾರಣಗಳು ಒಂದೇ ಕಾಲಿನ ಬಾವಿನಲ್ಲಿಯೇ ಅಡಗಿವೆ.

ಅವುಗಳಲ್ಲಿ ಮುಖ್ಯವಾದದ್ದು ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಬಹಳ ಹೊತ್ತು ಅಲುಗದೆ ಕೂರುವುದು, ಶಸ್ತ್ರಚಿಕಿತ್ಸೆ, ಎಲುಬು ಮುರಿದು ಮಲಗುವುದು, ಹೆರಿಗೆಯ ಆಸುಪಾಸಿನ ದಿನಗಳು, ಕೆಲವು ಸಂತಾನ ನಿಯಂತ್ರಣ ಮಾತ್ರೆಗಳು, ಕ್ಯಾನ್ಸರ್ ಇವು ಇದಕ್ಕೆ ದಾರಿ. ಒಂದೇ ಮೀನಖಂಡ ಬಿಗಿದು, ನೋವಾಗಿ, ಬೆಚ್ಚಗಾಗುತ್ತದೆ. ಈ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಎದೆನೋವು, ಏದುಸಿರು ಬಂದು ಕೆಲವರು ಕ್ಷಣದಲ್ಲಿ ತೀರಿಕೊಳ್ಳುವುದುಂಟು. ಆದ್ದರಿಂದ ಇಂಥ ಕಾಲಿಗೆ ಎಣ್ಣೆ ಹಚ್ಚಿ ನೀವುವುದನ್ನು ಯಾರೂ ಮಾಡಬಾರದು.

ನಮ್ಮ ಸಂಘದ ವ್ಯಾಪ್ತಿಯ ಒಂದು ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಉಚಿತ. ಮೂರು ವಾರದಿಂದ ಅಡಿಕೆ ಸುಲಿಯಲು ಬರುತ್ತಿದ್ದ ನಲವತ್ತರ ಹೆಂಗಸಿನ ಎಡಗಾಲು ಬಾತಿತು. ಒಟ್ಟಲಿನಲ್ಲಿದ್ದವರೆಲ್ಲ ನಂಜು ಎಂದರು, ಎಣ್ಣೆ ಕಾಯಿಸಲು ಹೊರಟರು. ಮನೆಯ ಯಜಮಾನಿತಿ ಮಾತ್ರ, 'ನಂಜು ಅಂತೀರಿ, ಗಾಯ ಎಲ್ಲಿದೆ ತೋರಿಸಿ' ಎಂದು ಕೇಳಿ, ಬಾಳೆಪಟ್ಟೆಯ ದಾರದಿಂದ ಎರಡೂ ಮೀನಖಂಡ ಅಳೆದರು. ಎಡಗಾಲು ಎರಡು ಬೆರಳಿನಷ್ಟು ದಪ್ಪವಿತ್ತು. ಅಂದೇ ಜೀಪಿನಲ್ಲಿ ಪೇಟೆಗೆ ಕಳಿಸಿದರು. ಡಾಪ್ಲರ್ ಸ್ಕ್ಯಾನಿನಲ್ಲಿ ತೊಡೆಯವರೆಗೆ ಹೆಪ್ಪು ಕಂಡಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಟ್ಟರು. ಆಕೆ ಈಗ ಮನೆಗೆಲಸ ಮಾಡಿಕೊಂಡು ಚೆನ್ನಾಗಿದ್ದಾರೆ. ಎರಡು ಮೀನಖಂಡಗಳ ಸುತ್ತಳತೆಯಲ್ಲಿ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಎಚ್ಚರಿಕೆಯ ಗುರುತೆಂದೇ ಎಣಿಸುತ್ತಾರೆ. ದಾರ ಎಲ್ಲರ ಮನೆಯಲ್ಲೂ ಇರುತ್ತದೆ.

ಎರಡನೆಯದು ಚರ್ಮದ ಅಡಿಯ ಸೋಂಕು. ನಂಜು ಎಂದು ನಾವು ಕರೆಯುವುದರಲ್ಲಿ ಹೆಚ್ಚಿನದು ಇದೇ. ಮಳೆಗಾಲದಲ್ಲಿ ಸದಾ ಒದ್ದೆಯಾಗಿರುವ ಬೆರಳಸಂದಿಯ ಹುಣ್ಣು, ಒಡೆದ ಹಿಮ್ಮಡಿ, ಉಂಬಳ ಕಚ್ಚಿದ ಜಾಗವನ್ನು ತುರಿಸಿ ಮಾಡಿಕೊಂಡ ಗಾಯ, ಇವುಗಳ ಮೂಲಕ ರೋಗಾಣು ಒಳಸೇರುತ್ತದೆ. ಕಾಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬರುತ್ತದೆ. ಇದಕ್ಕೆ ವೈದ್ಯರು ಕೊಡುವ ಪ್ರತಿಜೀವಕ ಔಷಧಿಯೇ ಬೇಕು, ಅದೂ ಪೂರ್ತಿ ದಿನಗಳವರೆಗೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಕಾಡ್ಗಿಚ್ಚಿನಂತೆ ಹರಡುತ್ತದೆ. ಹಲವು ವರ್ಷದ ಸಕ್ಕರೆ ಕಾಯಿಲೆಯವರ ಪಾದ ಕೆಂಪಾಗಿ ಬಾತು ಬೆಚ್ಚಗಿದ್ದೂ ನೋವು ಅಷ್ಟಾಗಿ ಇಲ್ಲದಿದ್ದರೆ ಇನ್ನೊಂದು ಶಂಕೆ ಇದೆ. ನರದ ಸ್ಪರ್ಶ ಹೋದ ಪಾದದಲ್ಲಿ ಎಲುಬುಗಳು ಮುರಿದು ಕುಸಿಯುತ್ತಿರಬಹುದು. ಅಂಥವರು ಆ ಕಾಲನ್ನು ಊರದೆ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯದು ಹಾವು. ಕೊಳಕುಮಂಡಲ ಕಚ್ಚಿದರೆ ಬಾವು ಬೇಗ ಮೇಲೇರುತ್ತದೆ. ನಮ್ಮ ಕಾಫಿ ತೋಟಗಳಲ್ಲಿ ತರಗೆಲೆಯ ಬಣ್ಣಕ್ಕೆ ಹೊಂದಿಕೊಂಡು ಕೂರುವ ಗುಳಿಮಂಡಲಗಳೂ ಇವೆ. ಭಾರತದಲ್ಲಿ ದೊರೆಯುವ ಹಾವಿನ ವಿಷದ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಿಸಿದ್ದು. ಗುಳಿಮಂಡಲಕ್ಕೆ ಅದು ಒದಗುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಮೂತ್ರಪಿಂಡವನ್ನೂ ವೈದ್ಯರು ಕಾದು ನೋಡಬೇಕಾಗುತ್ತದೆ. ಕಾಲಿಗೆ ಬಿಗಿಯಾಗಿ ಕಟ್ಟುವುದು, ಕೊಯ್ದು ರಕ್ತ ಬಿಡುವುದು ಎರಡೂ ಕೇಡು. ಕಾಲನ್ನು ಅಲುಗಿಸದೆ ಹೊತ್ತೊಯ್ಯಬೇಕು.

ನಾಲ್ಕನೆಯದು ಆನೆಕಾಲು ರೋಗ. ಸೊಳ್ಳೆಯ ಮೈಯಲ್ಲಿ ಇದರ ಹುಳು ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಚೀನಾದ ಅಮೊಯ್‌ನಲ್ಲಿ 1877ರಲ್ಲಿ ಕಂಡುಹಿಡಿದರು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ನಮ್ಮಲ್ಲಿ ಹರಡುತ್ತದೆ. ಹುಳುವಿನ ಮರಿಗಳು ರಕ್ತದಲ್ಲಿ ಕಾಣುವುದು ರಾತ್ರಿ ಹೊತ್ತು, ಆದ್ದರಿಂದ ಆರೋಗ್ಯ ಇಲಾಖೆಯವರು ರಾತ್ರಿ ಬಂದು ರಕ್ತ ತೆಗೆಯುತ್ತಾರೆ. ಅವರನ್ನು ಬಾಗಿಲಲ್ಲೇ ಹಿಂದೆ ಕಳಿಸಬಾರದು. ನಮ್ಮ ರಾಜ್ಯದಲ್ಲಿ ಕರಾವಳಿಯ ಜಿಲ್ಲೆಗಳು, ಕಲಬುರಗಿ, ರಾಯಚೂರು ಮುಂತಾದ ಉತ್ತರದ ಜಿಲ್ಲೆಗಳು ಬಹುಕಾಲ ಈ ರೋಗ ಕಂಡಿವೆ. ಒಡಿಶಾ, ಜಾರ್ಖಂಡ್, ಬಂಗಾಳ, ಅಸ್ಸಾಮಿನಿಂದ ಕುಯ್ಲಿಗೆ ಬರುವವರ ಊರಿನ ಕಡೆಯೂ ಇದು ಉಂಟು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಡಿ.ಇ.ಸಿ. ಮಾತ್ರೆಯನ್ನು ಮನೆಮನೆಗೆ ಕೊಡುವ ಕಾರ್ಯಕ್ರಮ ಆರಂಭವಾಯಿತು. ಕಾಲು ಆಗಲೇ ದಪ್ಪವಾದವರಿಗೆ ಮಾತ್ರೆಯಿಂದ ಕಾಲು ಮೊದಲಿನಂತಾಗದು. ಆದರೆ ದಿನವೂ ಸೋಪು ನೀರಿನಿಂದ ತೊಳೆದು, ಬೆರಳಸಂದಿ ಒರೆಸಿ ಒಣಗಿಸಿ, ಮಲಗುವಾಗ ಕಾಲೆತ್ತರಿಸಿಟ್ಟರೆ ಪದೇ ಪದೇ ಬರುವ ಜ್ವರ, ನೋವು ಬಹಳ ಕಡಿಮೆಯಾಗುತ್ತದೆ.

ಎರಡೂ ಕಾಲು ಬಾತಾಗ

ಇಲ್ಲಿ ಕಾಲನ್ನು ಬಿಟ್ಟು ಮೈಯ ಉಳಿದ ಭಾಗವನ್ನು ವಿಚಾರಿಸಬೇಕು. ಗದ್ದೆಯ ಏರು ಹತ್ತುವಾಗ ಮೊದಲಿಲ್ಲದ ಏದುಸಿರು, ಚಪ್ಪಟೆ ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಬೇಕಾಗುವುದು, ನಡುರಾತ್ರಿ ಎದ್ದು ಕೂರುವುದು, ಇವಿದ್ದರೆ ಹೃದಯವನ್ನು ಶಂಕಿಸಬೇಕು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡು, ಮೂತ್ರದಲ್ಲಿ ಬೇಗ ಆರದ ನೊರೆ ಬರುತ್ತಿದ್ದರೆ ಮೂತ್ರಪಿಂಡದಿಂದ ಪ್ರೋಟೀನು ಸೋರುತ್ತಿರಬಹುದು. ಹೊಟ್ಟೆ ದೊಡ್ಡದಾಗಿ, ಕಣ್ಣು ಹಳದಿಯಾಗಿ, ತೋಳು ಸೊರಗಿದ್ದರೆ ಯಕೃತ್ತಿನ ಕಡೆ ನೋಡಬೇಕು. ಕುಡಿತವಿದ್ದವರಲ್ಲಿ ಇದು ಹೆಚ್ಚು, ಕಾಮಾಲೆಯ ಕೆಲವು ವೈರಸ್ಸುಗಳಿಂದ ಕುಡಿಯದವರಿಗೂ ಬರುತ್ತದೆ.

ಕೂಲಿ ಲೈನುಗಳಲ್ಲಿ ಮರೆಯಬಾರದ ಕಾರಣ ಕೊಕ್ಕೆಹುಳು. ಮಣ್ಣಿನಲ್ಲಿರುವ ಇದರ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಮುಖ ಬಿಳಿಚಿ, ಸುಸ್ತಾಗಿ, ರಕ್ತಹೀನತೆ ತೀರ ಹೆಚ್ಚಿದಾಗ ಕಾಲು ಬಾಯುತ್ತದೆ. ಸೋಮಾರಿ ಎಂದು ಮೇಸ್ತ್ರಿಯಿಂದ ಬೈಸಿಕೊಳ್ಳುವ ಎಷ್ಟೋ ಜನರ ಮೈಯಲ್ಲಿ ರಕ್ತವೇ ಇರುವುದಿಲ್ಲ. ಆಲ್ಬೆಂಡಜೋಲ್ ಮಾತ್ರೆ, ಕಬ್ಬಿಣದ ಮಾತ್ರೆ, ಶೌಚಾಲಯ, ಕಾಲಿಗೆ ಚಪ್ಪಲಿ ಇಷ್ಟೇ ಇದರ ಮದ್ದು.

ಗರ್ಭಿಣಿಯರ ಪಾದ ಸಂಜೆ ಹೊತ್ತಿಗೆ ಸ್ವಲ್ಪ ಬಾಯುವುದು ಸಾಮಾನ್ಯ. ಆದರೆ ಐದು ತಿಂಗಳಾದ ಮೇಲೆ ಕೈ, ಮುಖವೂ ಬಾತು, ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಬಂದರೆ ಅದು ರಕ್ತದೊತ್ತಡದ ಅಪಾಯ. ತಾಯಿ ಮಗು ಇಬ್ಬರ ಜೀವವೂ ಅದರಲ್ಲಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು.

ನಾವೇ ನುಂಗುವ ಮಾತ್ರೆಗಳೂ ಕಾರಣವಾಗುವುದುಂಟು. ರಕ್ತದೊತ್ತಡಕ್ಕೆ ಬಹಳ ಜನ ತೆಗೆದುಕೊಳ್ಳುವ ಆಮ್ಲೋಡಿಪಿನ್‌ನಿಂದ ಪಾದದ ಗಂಟು ಬಾಯಬಹುದು. ಹಾಗೆಂದು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳು ಮೈಯಲ್ಲಿ ಉಪ್ಪು ನೀರನ್ನು ತಡೆಹಿಡಿಯುತ್ತವೆ, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಸ್ಟಿರಾಯ್ಡ್‌ನಿಂದಲೂ ಬಾವು ಬರುತ್ತದೆ.

ಇವೆಲ್ಲವನ್ನೂ ಪರೀಕ್ಷಿಸಿ ಏನೂ ಕಾಣದಿದ್ದರೆ, ಕಾಲಿನ ಮೇಲೆ ಹಸಿರು ನರಗಳು ಸುರುಳಿ ಸುರುಳಿಯಾಗಿ ಎದ್ದಿದ್ದರೆ, ಬಾವು ಸಂಜೆ ಹೆಚ್ಚಾಗಿ ಬೆಳಗ್ಗೆ ಇಳಿದಿದ್ದರೆ, ಅಭಿಧಮನಿಯ ಕವಾಟಗಳು ಸಡಿಲಾಗಿವೆ ಎಂದು ತಿಳಿಯಬಹುದು. ನಿಂತು ಕೆಲಸ ಮಾಡುವವರಿಗೆ ಇದು ಹೆಚ್ಚು. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ಮುಂದೆ ಮಾಯದ ಹುಣ್ಣಾಗುವುದಕ್ಕೆ ಮೊದಲೇ ತೋರಿಸಿಕೊಳ್ಳುವುದು ಲೇಸು.

ನೀರಿನ ಮಾತ್ರೆಯ ಮೋಸ

ಬಾವನ್ನೇ ರೋಗವೆಂದು ತಿಳಿಯುವುದು ನಮ್ಮ ಊರಿನ ತಪ್ಪು ಮಾತ್ರವಲ್ಲ. ಯೂರೋಪಿನಲ್ಲಿಯೂ ಹಿಂದೆ ಎಲ್ಲ ನೀರಿನ ಬಾವಿಗೂ ಒಂದೇ ಹೆಸರು ಹೇಳುತ್ತಿದ್ದರು. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯರು ಡಿಜಿಟಾಲಿಸ್ ಗಿಡದ ಎಲೆಯಿಂದ ಕೆಲವರ ಬಾವು ಇಳಿಯುವುದನ್ನೂ, ಕೆಲವರದು ಇಳಿಯದಿರುವುದನ್ನೂ ಬರೆದಿಟ್ಟರು. ಆ ಎಲೆಯ ಸತ್ವ ಹೃದಯದ ಮೇಲೆ ಕೆಲಸ ಮಾಡುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್, ಬಾವು ಬಂದ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದಕ್ಕೂ ಅವರ ಮೂತ್ರಪಿಂಡ ಕೆಟ್ಟಿರುವುದಕ್ಕೂ ಸಂಬಂಧ ತೋರಿಸಿದರು. ಬಾವು ಒಂದೇ, ರೋಗ ಬೇರೆ ಬೇರೆ ಎಂಬುದು ಹೀಗೆ ಗೊತ್ತಾಗಿ ಸುಮಾರು ಇನ್ನೂರು ವರ್ಷವಾಯಿತು.

ನೀರಿನ ಮಾತ್ರೆ ಒಳ್ಳೆಯ ಔಷಧಿ, ಹೃದಯ ಸೋತವರಿಗೆ ಸಂಜೀವಿನಿಯೇ ಸರಿ. ಆದರೆ ಕಾರಣ ತಿಳಿಯದೆ ನುಂಗಿದರೆ ರಕ್ತದ ಪೊಟಾಸಿಯಂ, ಸೋಡಿಯಂ ಏರುಪೇರಾಗುತ್ತದೆ, ತಲೆಸುತ್ತಿ ಬೀಳುತ್ತಾರೆ. ಅದಕ್ಕಿಂತ ದೊಡ್ಡ ಕೇಡೆಂದರೆ, ಚಿಹ್ನೆ ಅಳಿಸಿಹೋಗುತ್ತದೆ, ರೋಗ ಒಳಗೇ ಬೆಳೆಯುತ್ತದೆ. ನಮ್ಮ ಹಿರಿಯ ಸದಸ್ಯರೊಬ್ಬರು ನೆಂಟರ ಚೀಟಿಯಲ್ಲಿದ್ದ ಮಾತ್ರೆಯನ್ನು ನಾಲ್ಕು ತಿಂಗಳು ತೆಗೆದುಕೊಂಡರು. ಬಾವು ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಊಟ ಸೇರದೆ ವಾಂತಿಯಾದಾಗ ತೋರಿಸಿದರೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದ್ದವು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಘಟ್ಟ ಇಳಿದು ಹೋಗುತ್ತಾರೆ. ಮೊದಲ ತಿಂಗಳಲ್ಲೇ ಒಂದು ಮೂತ್ರ ಪರೀಕ್ಷೆಯಾಗಿದ್ದರೆ ಇಷ್ಟು ಬೇಗ ಈ ಸ್ಥಿತಿ ಬರದಂತೆ ನೋಡಿಕೊಳ್ಳುವ ಅವಕಾಶವಿತ್ತು ಎಂದು ವೈದ್ಯರು ಹೇಳಿದರು.

ಅಂದೇ ಹೋಗಬೇಕಾದವರು

ಒಂದೇ ಕಾಲು ಒಂದೆರಡು ದಿನದಲ್ಲಿ ಬಾತು ನೋಯುತ್ತಿರುವವರು; ಬಾವಿನ ಜೊತೆ ಏದುಸಿರು ಅಥವಾ ಎದೆನೋವು ಇರುವವರು; ಕೆಂಪು ಏರುತ್ತಾ ಚಳಿಜ್ವರ ಬಂದವರು; ಮೇಲೆ ಹೇಳಿದ ಲಕ್ಷಣಗಳಿರುವ ಗರ್ಭಿಣಿಯರು; ಹಾವು ಕಚ್ಚಿದ ಶಂಕೆಯುಳ್ಳವರು; ಮೂತ್ರ ಕಡಿಮೆಯಾದವರು. ಇವರು ನಾಳೆ ಎನ್ನಬಾರದು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬಹುದು. ಉಳಿದವರು ಒಂದು ವಾರದೊಳಗೆ ತೋರಿಸಿಕೊಂಡರೆ ಸಾಕು. ರಕ್ತದೊತ್ತಡ, ಮೂತ್ರ, ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನಿನ್ ಈ ಸಾಮಾನ್ಯ ಪರೀಕ್ಷೆಗಳಿಂದಲೇ ಅರ್ಧ ದಾರಿ ತಿಳಿಯುತ್ತದೆ. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿ, ಲೇಹ್ಯಗಳನ್ನೂ ಒಂದು ಚೀಲದಲ್ಲಿ ಕೊಂಡುಹೋಗಿ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಪ್ಪೆಮಿಡಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಸೇರಿದರೆ ಅದು ಒಂದೇ ಊಟಕ್ಕೆ ದಾಟಬಹುದು. ಹೃದಯದ ತೊಂದರೆ ಇದೆಯೆಂದು ಗೊತ್ತಿರುವವರು ದಿನವೂ ಬೆಳಗ್ಗೆ ತೂಕ ನೋಡಿಕೊಳ್ಳಬೇಕು. ಅಡಿಕೆ, ಕಾಫಿ ತೂಗುವ ಯಂತ್ರ ಮನೆಯಲ್ಲೇ ಇದೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಹೆಚ್ಚಿದರೆ ಅದು ಕೊಬ್ಬಲ್ಲ, ನೀರು. ವೈದ್ಯರಿಗೆ ತಿಳಿಸಬೇಕು. ಬಿಗಿ ಕಾಲುಚೀಲವನ್ನು ವೈದ್ಯರು ಹೇಳಿದ ಮೇಲೆಯೇ ಹಾಕಬೇಕು, ಕಾಲಿಗೆ ರಕ್ತ ಸಾಲದವರಿಗೆ ಅದು ಅಪಾಯ.

ಮಾಲೀಕರಾದ ನಮ್ಮ ಹೊಣೆ

ನಮ್ಮ ಮನೆಯವರ ಕಾಲು ಬಾತರೆ ಕಾರು ಮಂಗಳೂರಿಗೋ ಮಣಿಪಾಲಕ್ಕೋ ಹೊರಡುತ್ತದೆ. ಲೈನಿನಲ್ಲಿರುವವರ ಕಾಲು ಬಾತರೆ ಅರಿಶಿನ, ಎಣ್ಣೆ. ಅವರು ಆಸ್ಪತ್ರೆಗೆ ಹೋಗದಿರುವುದು ಅಜ್ಞಾನದಿಂದ ಮಾತ್ರವಲ್ಲ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಕುಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ಸಂಪಾದನೆಯೂ ಹೋಗುತ್ತದೆ. ಈ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು, ನಮಗೂ ಗೊತ್ತು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಮೂರು. ಸುಲಿಯಲು ಕೂತವರು ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಎರಡು ಸುತ್ತು ಬರಲಿ, ಇದರಿಂದ ಕೆಲಸ ಕೆಡುವುದಿಲ್ಲ. ಕುಯ್ಲು ಶುರುವಾಗುವ ವಾರದಲ್ಲಿ ಆಶಾ ಕಾರ್ಯಕರ್ತೆಯನ್ನು ಲೈನಿಗೆ ಕರೆಸಿ, ಎಲ್ಲರ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದೊಡನೆ ದಿನ ಗೊತ್ತುಮಾಡಿಕೊಳ್ಳಿ. ಕಾಲು ಬಾತವರನ್ನು ಕಳಿಸುವ ದಿನ ಜೀಪಿನ ಖರ್ಚೂ ಆ ದಿನದ ಕೂಲಿಯೂ ತೋಟದ ಲೆಕ್ಕಕ್ಕೆ ಬರೆಯಲ್ಪಡಲಿ. ಒಂದು ಚೀಲ ಗೊಬ್ಬರಕ್ಕೆ ಹಿಂದೆಮುಂದೆ ನೋಡದ ನಾವು ಇದಕ್ಕೂ ನೋಡಬಾರದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮೂರನೆಯ ವಿಷಯವನ್ನು ಚರ್ಚೆಗೆ ಇಡಲಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯದೊಡನೆ ಬರಬೇಕೆಂದು ಕೋರುತ್ತೇವೆ.